ನಡುದಾರಿಯ ನೆರವು

ಪ್ರಯಾಣವೆಂಬುದು ನಂಬಿಕೆಯ ಮೇಲೆ ನಡೆಯುವ ವ್ಯವಹಾರ. ಮನೆಯ ಬಾಗಿಲಿಗೆ ಬೀಗ ಹಾಕಿ ಹೊರಟವನು ತನ್ನ ಕಾಲನ್ನೋ, ಎತ್ತನ್ನೋ, ಯಂತ್ರವನ್ನೋ ನಂಬಿ ಹೊರಡುತ್ತಾನೆ. ನಂಬಿದ್ದು ನಡುದಾರಿಯಲ್ಲಿ ಕೈಕೊಟ್ಟರೆ ಮುಂದೆ ಯಾರನ್ನು ನಂಬಬೇಕು? ಈ ಪ್ರಶ್ನೆಗೆ ಒಂದೊಂದು ಕಾಲವೂ ತನ್ನದೇ ಆದ ಉತ್ತರವನ್ನು ಕಂಡುಕೊಂಡಿದೆ. ನಮ್ಮ ಹಿರಿಯರು ಕಂಡುಕೊಂಡ ಉತ್ತರ ಅರವಟ್ಟಿಗೆ, ಛತ್ರ, ಸಾಲುಮರ. ತಲೆಯ ಹೊರೆಯನ್ನು ಇನ್ನೊಬ್ಬರ ಸಹಾಯವಿಲ್ಲದೆ ಇಳಿಸಿ, ದಣಿವಾರಿದ ಮೇಲೆ ಮತ್ತೆ ಹೊತ್ತುಕೊಳ್ಳಲೆಂದು ದಾರಿಯ ಪಕ್ಕದಲ್ಲಿ ನಿಲ್ಲಿಸಿದ ಆಳೆತ್ತರದ ಕಲ್ಲು. ನಮ್ಮ ಕಾಲದ ಉತ್ತರ ಕಾರಿನ ಮುಂಗಾಜಿನ ಮೂಲೆಗೆ ಅಂಟಿಸಿದ ಒಂದು ಸಣ್ಣ ಚೀಟಿ. ಅದರ ಮೇಲೊಂದು ದೂರವಾಣಿ ಸಂಖ್ಯೆ. ಸಂಖ್ಯೆಯ ಕೆಳಗೆ, ಹಗಲಿರುಳೆನ್ನದೆ ಯಾವ ಹೊತ್ತಿನಲ್ಲಾದರೂ, ಯಾವ ದಾರಿಯಲ್ಲಾದರೂ ನೆರವು ಒದಗಿಸುವೆವೆಂಬ ಒಕ್ಕಣೆ. ಕಾರನ್ನು ತಯಾರಿಸಿದ ಸಂಸ್ಥೆಯೇ ಕೊಟ್ಟ ಮಾತು ಅದು.

ಹೆಂಡತಿ ಮಕ್ಕಳನ್ನೂ ವಯಸ್ಸಾದ ತಾಯಿತಂದೆಯರನ್ನೂ ಕೂರಿಸಿಕೊಂಡು ದೂರದ ಊರಿಗೆ ಹೊರಡುವ ಗೃಹಸ್ಥನು ಈ ಮಾತನ್ನು ಎಷ್ಟರಮಟ್ಟಿಗೆ ನೆಚ್ಚಬಹುದು, ಅದರಿಂದ ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ಈ ಹೊತ್ತು ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಎತ್ತಿನ ಗಾಡಿಯ ಕಾಲದಲ್ಲಿ ಈ ಪ್ರಶ್ನೆ ಇಷ್ಟು ತೊಡಕಿನದಾಗಿರಲಿಲ್ಲ. ಗಾಡಿಯನ್ನು ಮಾಡಿದವನು ಊರಿನ ಬಡಗಿ; ಚಕ್ರಕ್ಕೆ ಪಟ್ಟಿ ಬಿಗಿದವನು ಊರಿನ ಕಮ್ಮಾರ. ಕೀಲು ಸಡಿಲವಾದರೆ, ಅಚ್ಚು ಮುರಿದರೆ, ಗಾಡಿ ಮರಳುತ್ತಿದ್ದುದು ಮಾಡಿದ ಕೈಗೇ. ಒಂದು ವೇಳೆ ದೂರದ ಊರಿನಲ್ಲಿ ಮುರಿದರೂ ಅಲ್ಲಿಯೂ ಒಬ್ಬ ಬಡಗಿ, ಒಬ್ಬ ಕಮ್ಮಾರ ಇದ್ದೇ ಇರುತ್ತಿದ್ದರು. ಅವರ ಕೈಗೂ ಇವರ ಕೈಗೂ ವಿದ್ಯೆ ಒಂದೇ. ವಾಹನವನ್ನು ಮಾಡುವವನು, ಅದನ್ನು ಬಳಸುವವನು, ಕೆಟ್ಟಾಗ ಸರಿಪಡಿಸುವವನು, ಮೂವರೂ ಒಂದೇ ನೆಲದ ಮೇಲಿದ್ದರು.

ಕಾರು ಹುಟ್ಟಿದ ಹೊಸದರಲ್ಲಿಯೂ ಪರಿಸ್ಥಿತಿ ಹೆಚ್ಚುಕಡಿಮೆ ಹೀಗೆಯೇ ಇತ್ತೆಂಬುದಕ್ಕೆ ಒಂದು ಸೊಗಸಾದ ಸಾಕ್ಷ್ಯವಿದೆ. ಕಾರಿನಲ್ಲಿ ಕೈಗೊಂಡ ಮೊತ್ತಮೊದಲ ದೀರ್ಘ ಪ್ರಯಾಣ ಒಂದು ಸಂಸಾರದ ಪ್ರಯಾಣ. ಇನ್ನೂ ಸರಿಯಾಗಿ ಹೇಳುವುದಾದರೆ, ಮಕ್ಕಳನ್ನು ಕರೆದುಕೊಂಡು ಒಬ್ಬ ತಾಯಿ ತವರಿಗೆ ಹೋದ ಪ್ರಯಾಣ. 1888ರ ಆಗಸ್ಟ್ ತಿಂಗಳಲ್ಲಿ, ಜರ್ಮನಿಯ ಮಾನ್‌ಹೈಮ್ ಪಟ್ಟಣದಲ್ಲಿ, ಕಾರ್ಲ್ ಬೆನ್ಜ್ ಎಂಬ ಯಂತ್ರಶಿಲ್ಪಿಯ ಹೆಂಡತಿ ಬೆರ್ಥಾ ಬೆನ್ಜ್, ಗಂಡನಿಗೆ ತಿಳಿಸದೆ, ಅವನು ನಿರ್ಮಿಸಿದ್ದ ಮೂರು ಚಕ್ರದ ಮೋಟಾರು ಗಾಡಿಯನ್ನು ಹೊರಕ್ಕೆ ತಳ್ಳಿಸಿ, ಯೂಜೆನ್ ಮತ್ತು ರಿಚರ್ಡ್ ಎಂಬ ಇಬ್ಬರು ಹುಡುಗರೊಡನೆ ಫೋರ್ಟ್ಸ್‌ಹೈಮ್‌ನಲ್ಲಿದ್ದ ತನ್ನ ತಾಯಿಯ ಮನೆಗೆ ಹೊರಟುಬಿಟ್ಟಳು. ದೂರ ಸುಮಾರು 100 ಕಿಲೋಮೀಟರು. ಮದುವೆಗೆ ಮುಂಚೆಯೇ ತನ್ನ ಪಾಲಿನ ಹಣವನ್ನು ಅವನ ಉದ್ಯಮಕ್ಕೆ ತೊಡಗಿಸಿದ್ದ ಹೆಣ್ಣು ಅವಳು. ಈ ಗಾಡಿಯನ್ನು ಕೊಳ್ಳಲು ಜನ ಮುಂದೆ ಬರದಿದ್ದಾಗ, ಇದು ಊರಿಂದೂರಿಗೆ ಹೋಗಬಲ್ಲದು ಎಂದು ತೋರಿಸಿಕೊಡುವ ಹಟ ಅವಳಿಗಿತ್ತು.

ದಾರಿಯಲ್ಲಿ ಆ ಗಾಡಿ ಎಷ್ಟು ಸಲ ಮುನಿಸಿಕೊಂಡಿತೆಂಬುದನ್ನು ಕೇಳಿದರೆ ಇಂದಿನ ಕಾರಿನವರು ನಕ್ಕಾರು. ಇಂಧನ ಮುಗಿಯಿತು, ಪೆಟ್ರೋಲಿನ ಅಂಗಡಿಯೆಂಬುದು ಇನ್ನೂ ಲೋಕದಲ್ಲಿರಲಿಲ್ಲ. ವೀಸ್‌ಲೋಹ್ ಎಂಬ ಊರಿನ ಔಷಧದಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯುವುದಕ್ಕೆಂದು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ತೊಟ್ಟಿಗೆ ಸುರಿದರು. ಇಂಧನದ ನಾಳ ಕಟ್ಟಿಕೊಂಡಾಗ ಬೆರ್ಥಾ ತನ್ನ ಟೊಪ್ಪಿಗೆಯ ಸೂಜಿಯಿಂದ ಅದನ್ನು ಚುಚ್ಚಿ ಬಿಡಿಸಿದಳು. ಕಿಡಿ ಹೊತ್ತಿಸುವ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನೇ ಅದಕ್ಕೆ ಸುತ್ತಿದಳು. ಸರಪಳಿಗೆ ಕಮ್ಮಾರನೊಬ್ಬನ ಕೈ ಬೇಕಾಯಿತು. ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡು ಸವೆದುಹೋದಾಗ ಚಮ್ಮಾರನೊಬ್ಬನಿಂದ ಅದಕ್ಕೆ ತೊಗಲು ಹೊಡೆಸಿದಳು. ಏರಿನಲ್ಲಿ ಗಾಡಿ ಉಸಿರು ಬಿಟ್ಟಾಗ ಮಕ್ಕಳೇ ಇಳಿದು ತಳ್ಳಿದರು. ಅಂತೂ ಅದೇ ದಿನ ತವರು ತಲುಪಿ, ಗಂಡನಿಗೆ ತಂತಿ ಕೊಟ್ಟಳು.

ಔಷಧದಂಗಡಿಯವನು, ಕಮ್ಮಾರ, ಚಮ್ಮಾರ, ಎರಡು ಜೊತೆ ಎಳೆಯ ಕೈಗಳು: ಕಾರಿನ ಚರಿತ್ರೆಯಲ್ಲಿ ನಡುದಾರಿಯ ನೆರವಿನ ಮೊದಲ ಪುಟದಲ್ಲಿ ಬರಬೇಕಾದವರು ಇವರೇ. ಇವರಲ್ಲಿ ಹುಡುಗರನ್ನು ಬಿಟ್ಟರೆ ಒಬ್ಬರಿಗೂ ಆ ಯಂತ್ರದ ಪರಿಚಯವಿರಲಿಲ್ಲ. ಆದರೂ ಅವರು ನೆರವಾಗಬಲ್ಲವರಾಗಿದ್ದರು. ಏಕೆಂದರೆ ಯಂತ್ರವು ಕಬ್ಬಿಣ, ಮರ, ತೊಗಲುಗಳ ಭಾಷೆಯಲ್ಲೇ ಮಾತನಾಡುತ್ತಿತ್ತು. ಮೇಲಾಗಿ, ತಯಾರಕನ ಮನೆಯಾಕೆಯೇ ಗಾಡಿಯಲ್ಲಿ ಕುಳಿತಿದ್ದಳು. ಕಾರನ್ನು ಮಾಡಿದವರು ನಡುದಾರಿಯಲ್ಲಿ ಇಷ್ಟು ಹತ್ತಿರವಾಗಿ ಒದಗಿದ ಸಂದರ್ಭ ಆ ಮೇಲೆ ಬಹಳ ಬಂದಿರಲಾರದು.

ಕಾರುಗಳ ಸಂಖ್ಯೆ ಬೆಳೆದಂತೆ ಮಾಡುವವನಿಗೂ ಬಳಸುವವನಿಗೂ ನಡುವೆ ದೂರ ಬೆಳೆಯಿತು. ಕಾರ್ಖಾನೆ ಒಂದು ಸೀಮೆಯಲ್ಲಿ, ಕಾರು ಇನ್ನೊಂದು ಸೀಮೆಯಲ್ಲಿ. ಈ ನಡುವಣ ತೆರವನ್ನು ತುಂಬಲು ಮೊದಲು ಮುಂದೆ ಬಂದವರು ತಯಾರಕರಲ್ಲ, ಕಾರಿಟ್ಟುಕೊಂಡವರೇ. ಬ್ರಿಟನ್ನಿನಲ್ಲಿ 1905ರಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಹುಟ್ಟಿತು. ಅದರ ಮೊದಲ ಉದ್ದೇಶ ಸ್ವಲ್ಪ ತುಂಟತನದ್ದು. ವೇಗದ ಮಿತಿಯನ್ನು ಮೀರಿದವರನ್ನು ಹಿಡಿಯಲು ಪೊಲೀಸರು ಎಲ್ಲಿ ಅಡಗಿ ಕುಳಿತಿದ್ದಾರೆಂಬುದನ್ನು ಸದಸ್ಯರಿಗೆ ತಿಳಿಸುವುದಕ್ಕಾಗಿ ಬೈಸಿಕಲ್ಲಿನ ಮೇಲೆ ಕಾವಲುಗಾರರನ್ನು ನೇಮಿಸಿದ್ದರು. ಹೀಗೆ ಎಚ್ಚರಿಸುವುದು ಪೊಲೀಸರ ಕೆಲಸಕ್ಕೆ ಅಡ್ಡಿಯೆಂದು 1910ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಆಗ ಒಂದು ಜಾಣ ಉಪಾಯ ಹೂಡಿದರು. ಕಾವಲುಗಾರನು ಸದಸ್ಯರ ಕಾರನ್ನು ಕಂಡೊಡನೆ ಸಲಾಮು ಹೊಡೆಯುವುದು ವಾಡಿಕೆ. ಹೊಡೆಯದಿದ್ದರೆ ಮುಂದೆ ಅಪಾಯವಿದೆ ಎಂದು ಅರ್ಥ! ಬರಬರುತ್ತಾ ಇದೇ ಕಾವಲುಗಾರರು ಕೆಟ್ಟು ನಿಂತ ಕಾರುಗಳನ್ನು ರಿಪೇರಿ ಮಾಡುವವರಾದರು. ದಾರಿಬದಿಯಲ್ಲಿ ಟೆಲಿಫೋನ್ ಪೆಟ್ಟಿಗೆಗಳು ಎದ್ದವು. ಅವುಗಳ ಬೀಗದ ಕೈ ಸದಸ್ಯರ ಕಿಸೆಯಲ್ಲಿರುತ್ತಿತ್ತು. ಅಮೆರಿಕದ ಚಟನೂಗಾ ಪಟ್ಟಣದಲ್ಲಿ ಅರ್ನೆಸ್ಟ್ ಹೋಮ್ಸ್ ಎಂಬ ಗ್ಯಾರೇಜಿನವನು, ಹಳ್ಳಕ್ಕೆ ಬಿದ್ದ ಕಾರನ್ನು ಹಗ್ಗ ಮತ್ತು ಆಳುಗಳ ಬಲದಿಂದ ಮೇಲೆತ್ತಿ ಸಾಕಾಗಿ, 1916ರಲ್ಲಿ ಕಾರನ್ನೆಳೆಯುವ ವಾಹನವನ್ನೇ ರೂಪಿಸಿದನು. ಭಾರತದಲ್ಲಿಯೂ 1919ರಲ್ಲಿ ಮುಂಬಯಿಯಲ್ಲಿ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಜರ್ಮನಿಯ ಮೋಟಾರು ಸಂಘ 1954ರಲ್ಲಿ ತನ್ನ ರಸ್ತೆ ಕಾವಲು ಪಡೆಯನ್ನು ಆರಂಭಿಸಿತು. ಹಳದಿ ವಾಹನಗಳಲ್ಲಿ ಬರುವ ಅವರನ್ನು ಅಲ್ಲಿನ ಜನ ಹಳದಿ ದೇವದೂತರೆಂದೇ ಕರೆಯುತ್ತಾರೆ.

ನಮ್ಮಲ್ಲಿ ಇಂಥ ಸಂಘಗಳ ಸದಸ್ಯರಾದವರು ದೊಡ್ಡ ನಗರಗಳ ಕೆಲವರು ಮಾತ್ರ. ಮಿಕ್ಕವರಿಗೆ ದಾರಿಬದಿಯ ಮೆಕ್ಯಾನಿಕ್ಕೇ ದೇವದೂತ. ಅಂಬಾಸಡರ್ ಕಾರಿನ ಮುಚ್ಚಳ ಎತ್ತಿದರೆ ಒಳಗಿನದೆಲ್ಲ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ಹುಣಸೆಮರದ ಕೆಳಗೆ ಒಂದು ಹಲಗೆ, ನಾಲ್ಕು ಸ್ಪ್ಯಾನರು, ಒಂದು ಡಬ್ಬಿ ಸೀಮೆಎಣ್ಣೆ ಇಟ್ಟುಕೊಂಡವನು ಅದನ್ನು ಓಡುವಂತೆ ಮಾಡಬಲ್ಲವನಾಗಿದ್ದ. ಕಾರಿನ ಬೆನ್ನಿನಲ್ಲಿ ಒಂದು ಸ್ಟೆಪ್ನಿ ಇದ್ದರೆ ಅರ್ಧ ಧೈರ್ಯ. ಈ ಸ್ಟೆಪ್ನಿ ಎಂಬ ಮಾತಿನ ಹುಟ್ಟೂ ಕುತೂಹಲಕರವಾದದ್ದು. ವೇಲ್ಸ್ ಪ್ರಾಂತದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವೀಸ್ ಸೋದರರು 1904ರಲ್ಲಿ ಬಿಡಿಚಕ್ರವನ್ನು ತಯಾರಿಸಿ ಮಾರತೊಡಗಿದರು. ಬೀದಿಯ ಹೆಸರು ಚಕ್ರಕ್ಕೆ ಅಂಟಿತು. ಹುಟ್ಟಿದ ನಾಡಿನಲ್ಲಿ ಬಹುಮಟ್ಟಿಗೆ ಬಳಕೆ ತಪ್ಪಿದ ಆ ಮಾತು ನಮ್ಮ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಇನ್ನೂ ಜೀವಂತವಾಗಿದೆ. ಮಾತು ಉಳಿದರೂ ಚಕ್ರ ಉಳಿಯುವ ಭರವಸೆ ಈಗಿಲ್ಲ. ಒಳಟ್ಯೂಬಿಲ್ಲದ ಟೈರು, ಅದರ ರಿಪೇರಿಯ ಸಾಮಗ್ರಿ, ಗಾಳಿಯ ಒತ್ತಡವನ್ನು ತೋರಿಸುವ ಸಾಧನ ಇಷ್ಟಿದ್ದರೆ ಕಾರಿನಲ್ಲಿ ಸ್ಟೆಪ್ನಿ ಕಡ್ಡಾಯವಲ್ಲವೆಂದು 2020ರಲ್ಲಿ ನಮ್ಮ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿದೆ.

ಇಲ್ಲಿಯೇ ನೋಡಿ, ವಿಷಯದ ಗಂಟು ಇರುವುದು. ಇಂದಿನ ಕಾರು ಸುಲಭಕ್ಕೆ ಕೆಡುವುದಿಲ್ಲ. ಕೆಟ್ಟರೆ ಸುಲಭಕ್ಕೆ ಸರಿಹೋಗುವುದೂ ಇಲ್ಲ. ಅದರ ಒಡಲಲ್ಲಿರುವುದು ತಂತಿಗಳು, ಗಣಕಗಳು, ಸೆನ್ಸರುಗಳು. ಹುಣಸೆಮರದ ಕೆಳಗಿನ ಮೆಕ್ಯಾನಿಕ್ಕು ಮುಚ್ಚಳ ಎತ್ತಿ ನೋಡಿದರೆ ಕಾಣುವುದು ಇನ್ನೊಂದು ಮುಚ್ಚಳ. ರೋಗವೇನೆಂದು ಕೇಳಲು ಕೂಡ ತಯಾರಕರು ಒಪ್ಪಿದ ಯಂತ್ರವೊಂದನ್ನು ತಂದು ಜೋಡಿಸಬೇಕು. ವಿದ್ಯುತ್ತಿನಿಂದ ಓಡುವ ಕಾರುಗಳನ್ನಂತೂ ಹಗ್ಗ ಕಟ್ಟಿ ಎಳೆಯುವಂತೆಯೂ ಇಲ್ಲ. ಚಕ್ರಗಳು ನೆಲಕ್ಕೆ ತಾಗದಂತೆ ಚಪ್ಪಟೆ ಹಾಸಿನ ವಾಹನದ ಮೇಲೇರಿಸಿಕೊಂಡೇ ಒಯ್ಯಬೇಕು. ಹೀಗೆ, ದಾರಿಹೋಕನ ಕೈಯಿಂದಲೂ ಊರಿನ ಮೆಕ್ಯಾನಿಕ್ಕಿನ ಕೈಯಿಂದಲೂ ರಿಪೇರಿಯ ವಿದ್ಯೆಯನ್ನು ಕಸಿದುಕೊಂಡ ತಯಾರಕನು, ಅದಕ್ಕೆ ಬದಲಾಗಿ, ಕೆಟ್ಟ ಕಡೆಗೆ ತಾನೇ ಬರುವೆನೆಂದು ಮಾತು ಕೊಟ್ಟಿದ್ದಾನೆ. ಈ ಮಾತನ್ನು ಔದಾರ್ಯವೆಂದು ತಿಳಿಯಬೇಕಾಗಿಲ್ಲ. ಅದು ತಯಾರಕನು ತೀರಿಸಬೇಕಾದ ಋಣ.

ಈ ಋಣ ತೀರುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಾಮಾನ್ಯವಾಗಿ ಕಾರು ತಯಾರಿಸುವ ಸಂಸ್ಥೆ ಈ ಕೆಲಸವನ್ನು ತಾನೇ ಮಾಡುವುದಿಲ್ಲ. ಇದಕ್ಕೆಂದೇ ಇರುವ ಬೇರೊಂದು ಸಂಸ್ಥೆಗೆ ಕರಾರಿನ ಮೂಲಕ ಒಪ್ಪಿಸಿರುತ್ತದೆ. ಆ ಸಂಸ್ಥೆಯ ದೂರವಾಣಿ ಕೇಂದ್ರ ಯಾವುದೋ ಮಹಾನಗರದಲ್ಲಿ. ಅದು ಊರೂರಿನ ಗ್ಯಾರೇಜಿನವರೊಡನೆ, ಎಳೆವಾಹನದ ಮಾಲೀಕರೊಡನೆ ಮತ್ತೊಂದು ಕರಾರು ಮಾಡಿಕೊಂಡಿರುತ್ತದೆ. ಬ್ಯಾಟರಿ ಸತ್ತಿದ್ದರೆ ಬೇರೆ ಬ್ಯಾಟರಿಯಿಂದ ಚಾಲೂ ಮಾಡಿಕೊಡುವುದು, ಚಕ್ರ ಬದಲಿಸಿಕೊಡುವುದು, ಬೀಗದ ಕೈ ಒಳಗೇ ಉಳಿದು ಬಾಗಿಲು ಮುಚ್ಚಿಕೊಂಡಿದ್ದರೆ ತೆಗೆದುಕೊಡುವುದು, ಇಂಧನ ತೀರಿದ್ದರೆ ಐದು ಲೀಟರು ತಂದುಕೊಡುವುದು, ಯಾವುದೂ ಆಗದಿದ್ದರೆ ಅಧಿಕೃತ ವರ್ಕ್‌ಶಾಪಿಗೆ ಸಾಗಿಸುವುದು, ಇವು ಮುಖ್ಯ ಸೌಕರ್ಯಗಳು. ಪ್ರಯಾಣಿಕರಿಗೆ ಟ್ಯಾಕ್ಸಿ, ರಾತ್ರಿ ತಂಗಲು ಹೋಟೆಲು ಎಂಬ ಬಾಬುಗಳೂ ಕೆಲವು ಕೈಪಿಡಿಗಳಲ್ಲಿರುತ್ತವೆ. ಆದರೆ ಅವುಗಳ ಹಿಂದೆಯೇ ಷರತ್ತುಗಳೂ ಬರುತ್ತವೆ: ಮನೆಯಿಂದ ಇಷ್ಟು ಕಿಲೋಮೀಟರು ದೂರದಲ್ಲಿ ಕೆಟ್ಟಿರಬೇಕು, ಅದೇ ದಿನ ರಿಪೇರಿಯಾಗುವಂತಿರಬಾರದು, ಮೊದಲೇ ಅನುಮತಿ ಪಡೆದಿರಬೇಕು.

ಕಾಗದದ ಮೇಲಿನ ಈ ಏರ್ಪಾಡು ನೆಲದ ಮೇಲೆ ಹೇಗೆ ನಡೆಯುತ್ತದೆಂಬುದಕ್ಕೆ ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಬಹುಮಟ್ಟಿಗೆ ಎಲ್ಲರದೂ ಇದೇ ಕ್ರಮ. ಚಳಿಗಾಲದ ಒಂದು ಮಧ್ಯಾಹ್ನ ನಾವು ಚಿಕ್ಕಮಗಳೂರಿನಿಂದ ಧರ್ಮಸ್ಥಳಕ್ಕೆ ಹೊರಟಿದ್ದೆವು. ಕಾರು ನಡೆಸುತ್ತಿದ್ದವನು ನನ್ನ ಮಗ. ಜೊತೆಗೆ ನಾನು, ನನ್ನ ಹೆಂಡತಿ, ಎಂಬತ್ತು ದಾಟಿದ ನನ್ನ ತಾಯಿಯವರು, ಆರು ವರ್ಷದ ಮೊಮ್ಮಗಳು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯನ್ನು ಇಳಿಯುತ್ತಿರುವಾಗ ಕಾರಿನ ಮುಂದಿನ ಫಲಕದಲ್ಲಿ ಕೆಂಪು ದೀಪವೊಂದು ಹೊತ್ತಿತು. ಕಾರು ನಿಧಾನವಾಗಿ, ಯಾವ ಸದ್ದನ್ನೂ ಮಾಡದೆ, ನಿಂತುಬಿಟ್ಟಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ, ಕೆಳಗಿನಿಂದ ಏರಿ ಬರುತ್ತಿದ್ದ ಮಂಜು.

“ಯೋಚನೆ ಮಾಡಬೇಡಿ ಅಪ್ಪಾ, ಕಂಪನಿಯವರಿಗೆ ಫೋನ್ ಮಾಡಿದರೆ ಸಾಕು, ಬಂದುಬಿಡುತ್ತಾರೆ” ಎಂದ ಮಗ. ಆದರೆ ಫೋನು ಮಾತನಾಡಬೇಕಾದರೆ ಇನ್ನೂರು ಹೆಜ್ಜೆ ಮೇಲಿನ ತಿರುವಿಗೆ ಹತ್ತಿ ಹೋಗಬೇಕಾಯಿತು. ಮೊದಲು ಸಂಗೀತ ಕೇಳಿಸಿತು. ಆ ಮೇಲೆ ಹಿಂದಿಗೆ ಒಂದನ್ನು, ಇಂಗ್ಲಿಷಿಗೆ ಎರಡನ್ನು ಒತ್ತಿರೆಂಬ ಸೂಚನೆ ಬಂತು. ಕೊನೆಗೆ ಒಬ್ಬ ಹೆಣ್ಣುಮಗಳು ಅತ್ಯಂತ ವಿನಯದಿಂದ, ತಾವಿರುವ ನಗರ ಯಾವುದು ಎಂದು ಕೇಳಿದಳು. ಘಟ್ಟದಲ್ಲಿ ನಗರವೆಲ್ಲಿಂದ ಬರಬೇಕು? ಪಿನ್ ಕೋಡು ಕೇಳಿದಳು. ಸ್ಥಳವನ್ನು ತಾನಾಗಿ ತೋರಿಸುವ ಕೊಂಡಿಯೊಂದನ್ನು ಫೋನಿಗೆ ಕಳಿಸಿದಳು. ಆ ತಿರುವಿನಲ್ಲಿ ಮಾತು ಹೋಗುತ್ತಿತ್ತೇ ವಿನಾ ಕೊಂಡಿ ತೆರೆಯುತ್ತಿರಲಿಲ್ಲ. ಹತ್ತಿರದ ಗುರುತೇನು ಎಂದು ಕೇಳಿದಾಗ ಮಗ ಓಡಿ ಬಂದು ನಮ್ಮನ್ನು ವಿಚಾರಿಸಿದ. ಕಾರಿನೊಳಗೆ ಕುಳಿತೇ ನನ್ನ ತಾಯಿಯವರು, “ಅಣ್ಣಪ್ಪಸ್ವಾಮಿ ಗುಡಿಯಿಂದ ಮೇಲಕ್ಕೆ ಎರಡನೇ ತಿರುವು ಅಂತ ಹೇಳು ಮಗಾ, ಈ ದಾರಿಯವರಿಗೆಲ್ಲ ಗೊತ್ತು” ಎಂದರು. ಈ ದಾರಿಯವರಿಗೆಲ್ಲ ಗೊತ್ತಿದ್ದ ಆ ಗುಡಿ ಆಕೆಯ ಮುಂದಿದ್ದ ನಕ್ಷೆಯಲ್ಲಿ ಸಿಗಲಿಲ್ಲ. ಅಂತೂ ದೂರು ದಾಖಲಾಯಿತು. ಅರವತ್ತು ನಿಮಿಷದಲ್ಲಿ ನೆರವು ಬರುವುದೆಂಬ ಸಂದೇಶವೂ ಬಂತು.

ಅರವತ್ತು ನಿಮಿಷ ಕಳೆಯಿತು, ತೊಂಬತ್ತು ಕಳೆಯಿತು. ಮಂಜು ದಟ್ಟವಾಯಿತು. ತಾಯಿಯವರಿಗೆ ಚಳಿ ಹತ್ತಿತು; ಮಗು ಬಾಯಾರಿಕೆಯೆಂದಿತು. ಟ್ಯಾಕ್ಸಿಯ ವಿಷಯವನ್ನು ಮಗ ಮತ್ತೆ ಮೇಲಕ್ಕೆ ಹತ್ತಿ ವಿಚಾರಿಸಿದಾಗ, ವಾಹನ ವರ್ಕ್‌ಶಾಪನ್ನು ತಲುಪಿ, ಅದು ಅಂದೇ ರಿಪೇರಿಯಾಗುವುದಿಲ್ಲವೆಂದು ಖಚಿತವಾದ ಮೇಲೆ ಆ ಕೋರಿಕೆಯನ್ನು ಪರಿಶೀಲಿಸಲಾಗುವುದೆಂಬ ಉತ್ತರ ಬಂತು. ಆ ಹೊತ್ತಿಗೆ ಸಾರಿಗೆ ಸಂಸ್ಥೆಯ ಕೆಂಪು ಬಸ್ಸೊಂದು ಮೇಲಿನಿಂದ ಇಳಿದು ಬಂದು, ಯಾರೂ ಕೈ ತೋರಿಸದಿದ್ದರೂ, ನಮ್ಮ ಪಕ್ಕದಲ್ಲಿ ನಿಂತಿತು. ಕಂಡಕ್ಟರು ಇಳಿದು ಒಳಗೆ ಬಗ್ಗಿ ನೋಡಿದ. “ಅಜ್ಜಿಯನ್ನೂ ಮಗುವನ್ನೂ ಇಲ್ಲಿ ಕೂರಿಸ್ಕೊಂಡಿದ್ದೀರಲ್ಲ ಸಾರ್! ಇನ್ನು ಕತ್ತಲಾಗ್ತದೆ, ಆನೆ ಓಡಾಡ್ತದೆ. ಬನ್ನಿ ಅಜ್ಜೀ, ಹತ್ತಿ” ಎಂದ. ಬಸ್ಸು ತುಂಬಿತ್ತು. ಯಾರೋ ಇಬ್ಬರು ಎದ್ದು ಜಾಗ ಬಿಟ್ಟರು. ಯಾರೋ ಮಗುವಿಗೆ ನೀರಿನ ಬಾಟಲಿ ಕೊಟ್ಟರು. ಅವರಾರ ಹೆಸರೂ ನನಗೆ ಗೊತ್ತಿಲ್ಲ.

ಮಗ ಒಬ್ಬನೇ ಕಾರಿನ ಬಳಿ ಉಳಿದ. ಎಳೆವಾಹನ ಬಂದದ್ದು ಕರೆ ಮಾಡಿದ ಮೂರು ಗಂಟೆಯ ಮೇಲೆ. ತಂದವನು ಘಟ್ಟದ ಕೆಳಗಿನ ಊರಿನ ಹುಡುಗ. ಮಹಾನಗರದ ಕೇಂದ್ರದಿಂದ ಮಂಗಳೂರಿನ ಮಧ್ಯಸ್ಥರಿಗೆ, ಅವರಿಂದ ಇವನಿಗೆ ಸುದ್ದಿ ಮುಟ್ಟುವಾಗಲೇ ಎರಡು ಗಂಟೆ ಕಳೆದಿತ್ತಂತೆ. ಅವನಿಗೆ ತಲುಪಿದ ವಿಳಾಸದಲ್ಲಿ ಇದ್ದುದು “ಚಾರ್ಮಾಡಿ” ಎಂಬ ಒಂದೇ ಮಾತು. ಗುಡಿಯ ಹೆಸರು ನಡುವೆ ಎಲ್ಲಿಯೋ ಬಿದ್ದುಹೋಗಿತ್ತು. ಅವನು ಮೊದಲು ಘಟ್ಟದ ಬುಡದ ಚಾರ್ಮಾಡಿ ಊರಿನಲ್ಲೆಲ್ಲ ಹುಡುಕಿ, ಅನಂತರ ಮೇಲಕ್ಕೆ ಬಂದಿದ್ದ. “ಗುಡಿ ಹತ್ತಿರ ಅಂತ ಹೇಳಿದ್ದಿದ್ದರೆ ಅರ್ಧ ಗಂಟೆಯಲ್ಲಿ ಬರ್ತಿದ್ದೆ ಸಾರ್” ಎಂದನಂತೆ. ಆದರೆ ಕೆಲಸದಲ್ಲಿ ಅವನು ಬಹಳ ಅಚ್ಚುಕಟ್ಟು. ಆ ಮಂಜಿನಲ್ಲಿ, ಆ ತಿರುವಿನಲ್ಲಿ, ಕಾರಿಗೆ ಒಂದು ಗೀರೂ ಬೀಳದಂತೆ ಮೇಲೇರಿಸಿ, ನಾಲ್ಕು ಚಕ್ರಕ್ಕೂ ಪಟ್ಟಿ ಬಿಗಿದು, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಂಗಳೂರಿಗೆ ಒಯ್ದ. ಮರುದಿನ ವರ್ಕ್‌ಶಾಪಿನಲ್ಲಿ ತಿಳಿಯಿತು, ಕೆಟ್ಟದ್ದು ಹೆಬ್ಬೆರಳ ಗಾತ್ರದ ಒಂದು ಸೆನ್ಸರು. ಅದನ್ನು ಹಣ ತೆಗೆದುಕೊಳ್ಳದೆ ಬದಲಿಸಿಕೊಟ್ಟರು. ನಾವು ಧರ್ಮಸ್ಥಳದಲ್ಲಿ ದೇವರ ದರ್ಶನ ಮಾಡಿ, ಊಟ ಮುಗಿಸಿ ಕುಳಿತಿರುವಾಗ, ಹಿಂದಿನ ಸಂಜೆಯ ಟ್ಯಾಕ್ಸಿಯ ಕೋರಿಕೆ ಮಂಜೂರಾಗಿದೆಯೆಂಬ ಸಂದೇಶ ಬಂತು!

ಈ ಸಂಗತಿಯಲ್ಲಿ ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ನ್ಯಾಯವಾಗಿ ನೋಡಿದರೆ, ಕಾರಿನ ಮಟ್ಟಿಗೆ ಕೊಟ್ಟ ಮಾತು ನಡೆಯಿತು. ಆ ಸಂಖ್ಯೆ ಇಲ್ಲದಿದ್ದಿದ್ದರೆ ಆ ಇರುಳಿನಲ್ಲಿ ಖಾಸಗಿ ಕ್ರೇನಿನವನು ಕೇಳಿದಷ್ಟು ಹಣ ತೆರಬೇಕಾಗುತ್ತಿತ್ತು. ಬಸ್ಸಿನವರು ಎಷ್ಟೇ ಒಳ್ಳೆಯವರಾದರೂ ಸೆನ್ಸರನ್ನು ಬದಲಿಸಿಕೊಡುತ್ತಿರಲಿಲ್ಲ. ಯಂತ್ರಕ್ಕೆ ತಯಾರಕನ ಆಸರೆ ಬೇಕು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಂದು ಒಂದು ವಿಷಯ ನನಗೆ ಸ್ಪಷ್ಟವಾಯಿತು. ಕರಾರು ಕಂಡದ್ದು ಕಾರನ್ನು; ಕಾರಿನೊಳಗೆ ಕುಳಿತಿದ್ದವರನ್ನು ಕಂಡದ್ದು ಬಸ್ಸಿನ ಕಂಡಕ್ಟರು. ಆ ಹೆಣ್ಣುಮಗಳು ಕೇಳಿದ ಪ್ರಶ್ನೆಗಳನ್ನು ಈಗಲೂ ನೆನೆಸಿಕೊಳ್ಳುತ್ತೇನೆ. ಕಾರಿನ ನೋಂದಣಿ ಸಂಖ್ಯೆ ಕೇಳಿದಳು, ಮಾದರಿ ಕೇಳಿದಳು, ಎಷ್ಟು ಕಿಲೋಮೀಟರು ಓಡಿದೆಯೆಂದು ಕೇಳಿದಳು. ಕಾರಿನಲ್ಲಿ ಎಷ್ಟು ಜನರಿದ್ದೀರಿ, ವೃದ್ಧರು ಮಕ್ಕಳು ಯಾರಾದರೂ ಇದ್ದಾರೆಯೇ ಎಂದು ಕೇಳಲಿಲ್ಲ. ಅವಳಿಗೆ ಕರುಣೆ ಇರಲಿಲ್ಲವೆಂದಲ್ಲ. ಅವಳ ಮುಂದಿದ್ದ ನಮೂನೆಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ, ಅಷ್ಟೆ.

ಸಂಸಾರವೊಂದು ಪ್ರವಾಸ ಹೊರಟಾಗ ಕೆಡುವುದು ಯಂತ್ರವೇ ಆದರೂ ಕಷ್ಟಕ್ಕೀಡಾಗುವವರು ಮನುಷ್ಯರು. ಆದ್ದರಿಂದ ಈ ಬಗೆಯ ನೆರವಿನ ಏರ್ಪಾಡು ಮಾಡುವವರಲ್ಲಿ ನಾವು ಕೇಳಬೇಕಾದ್ದು ಮೂರು ಸಂಗತಿಗಳು. ಮೊದಲನೆಯದು, ಮನುಷ್ಯರನ್ನು ಸುರಕ್ಷಿತ ಸ್ಥಳಕ್ಕೆ ಮುಟ್ಟಿಸುವುದು ಕಾರನ್ನು ಸಾಗಿಸುವುದಕ್ಕಿಂತ ಮುಂಚಿನ ಕೆಲಸವಾಗಬೇಕು. ಅದು ಷರತ್ತುಗಳ ಕೊನೆಯಲ್ಲಿ ಬರುವ ಬಾಬಾಗಿರಬಾರದು. ಎರಡನೆಯದು ಭಾಷೆ. ಕನ್ನಡ ನಾಡಿನ ಘಟ್ಟದಲ್ಲಿ ನಿಂತವನು ತನ್ನ ಸಂಕಟವನ್ನು ಕನ್ನಡದಲ್ಲಿ ಹೇಳಿಕೊಳ್ಳುವಂತಾಗಬೇಕು. ಇದು ಅಭಿಮಾನದ ಮಾತು ಮಾತ್ರವೆಂದು ಭಾವಿಸಬಾರದು. ಗುಡಿಯ ಹೆಸರು, ತಿರುವಿನ ಗುರುತು, ಹಳ್ಳದ ಹೆಸರು ಇವೆಲ್ಲ ಆಯಾ ನೆಲದ ಭಾಷೆಯಲ್ಲಿಯೇ ಬದುಕಿವೆ. ಭಾಷಾಂತರದಲ್ಲಿ ದಾರಿ ತಪ್ಪುತ್ತವೆ. ನಮ್ಮ ನೆರವು ತಡವಾದದ್ದಕ್ಕೆ ಅದೂ ಒಂದು ಕಾರಣ. ಮೂರನೆಯದು, ಆ ಎಳೆವಾಹನದ ಹುಡುಗ. ತಯಾರಕ ಸಂಸ್ಥೆಯ ಪರವಾಗಿ ಆ ರಾತ್ರಿ ಘಟ್ಟಕ್ಕೆ ಬಂದ ಒಂದೇ ಮುಖ ಅವನದು; ಆದರೆ ಅವನು ಆ ಸಂಸ್ಥೆಯ ನೌಕರನಲ್ಲ. ಮೂರು ಕರಾರುಗಳ ಆಚೆಗೆ ನಿಂತವನು. ಮಾತು ಕೊಟ್ಟವರಿಗೂ ಅದನ್ನು ನಡೆಸುವವನಿಗೂ ನಡುವೆ ಎಷ್ಟು ಕೈಗಳು ಹೆಚ್ಚಿದರೆ ಮಾತು ಅಷ್ಟು ತೆಳ್ಳಗಾಗುತ್ತದೆ. ಅವನಿಗೆ ನೇರವಾಗಿ ಸುದ್ದಿ ಮುಟ್ಟಿದ್ದರೆ, ಅವನೇ ಹೇಳಿದಂತೆ, ಅರ್ಧ ಗಂಟೆ ಸಾಕಾಗಿತ್ತು.

ಇನ್ನು ಪ್ರಯಾಣಿಕರಾದ ನಾವು ತಿಳಿದಿರಬೇಕಾದ್ದೂ ಕೆಲವಿದೆ. ತಯಾರಕರ ಸಂಖ್ಯೆಯೊಂದನ್ನೇ ನೆಚ್ಚಿ ಕೂರಬೇಕಾಗಿಲ್ಲ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಹೆದ್ದಾರಿ ಪ್ರಾಧಿಕಾರದ 1033 ಎಂಬ ಸಹಾಯ ಸಂಖ್ಯೆ ಇದೆ. ಸುಂಕ ವಸೂಲಾಗುವ ಹೆದ್ದಾರಿಗಳಲ್ಲಿ ಗಸ್ತು ವಾಹನ, ಆಂಬುಲೆನ್ಸ್, ಕ್ರೇನುಗಳ ಏರ್ಪಾಡಿರುತ್ತದೆ. ಪ್ರಾಣಕ್ಕೆ ಅಪಾಯವಿದ್ದಾಗ 112 ಇದೆ. ಕಾರು ಕೆಟ್ಟೊಡನೆ ಸಾಧ್ಯವಾದಷ್ಟು ಅಂಚಿಗೆ ಸರಿಸಿ, ಮಿನುಗುವ ದೀಪಗಳನ್ನು ಹಾಕಿ, ಕಾರಿನೊಡನೆ ಬಂದಿರುವ ಕೆಂಪು ತ್ರಿಕೋನವನ್ನು ಹಿಂದೆ ಸಾಕಷ್ಟು ದೂರದಲ್ಲಿ ನಿಲ್ಲಿಸಬೇಕು. ವೇಗದ ಹೆದ್ದಾರಿಯಾದರೆ ಜನರು ಕಾರಿನೊಳಗೂ ಕಾರಿನ ಹಿಂದೆಯೂ ಇರದೆ, ರಸ್ತೆಯ ತಡೆಗೋಡೆಯ ಆಚೆಗೆ ನಿಲ್ಲುವುದು ಕ್ಷೇಮ. ಕುಡಿಯುವ ನೀರು, ಒಂದು ಹೊದಿಕೆ, ಒಂದು ಟಾರ್ಚು, ವಯಸ್ಸಾದವರ ಮಾತ್ರೆ ಇವು ಕೈಗೆ ಸಿಗುವಂತಿರಬೇಕು. ನೆರವು ಎಷ್ಟೇ ಬೇಗ ಬಂದರೂ ಕಾಯುವ ಹೊತ್ತೊಂದು ಇದ್ದೇ ಇರುತ್ತದೆ. ಆ ಹೊತ್ತು ನಮ್ಮದು.

ಹಾಗೆಯೇ, ಇನ್ನೊಬ್ಬರು ಕಾಯುತ್ತಿರುವ ಹೊತ್ತಿನಲ್ಲಿ ನಾವು ಆ ದಾರಿಯಲ್ಲಿ ಹಾದುಹೋಗುವವರಾದರೆ? ನಿಲ್ಲಿಸಲು ಹೆದರುವ ಕಾಲ ಇದು. ಹೆದರಿಕೆಗೆ ಕಾರಣಗಳೂ ಇಲ್ಲದಿಲ್ಲ. ಅಪಘಾತಕ್ಕೀಡಾದವರಿಗೆ ನೆರವಾದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯ ಬಹುಕಾಲ ಜನರನ್ನು ಕಾಡಿತು. ಅಂಥ ಪರೋಪಕಾರಿಗಳನ್ನು ಪೀಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಕೇಂದ್ರದ ಮಾರ್ಗಸೂಚಿಗಳನ್ನು ಎತ್ತಿಹಿಡಿಯಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ಅವರಿಗೆ ಶಾಸನದ ರಕ್ಷಣೆಯನ್ನೂ ಕೊಟ್ಟಿತು. ಅರವಟ್ಟಿಗೆ ಕಟ್ಟಿಸಿದವರಿಗೆ ಇಂಥ ಕಾಯಿದೆ ಬೇಕಾಗಿರಲಿಲ್ಲ. ನಮಗೆ ಬೇಕಾಗಿದೆ, ಇರಲಿ, ಇದ್ದುದು ಒಳ್ಳೆಯದೇ. ಆ ಕಂಡಕ್ಟರಿಗೆ ಈ ಕಾಯಿದೆಯ ಪರಿಚಯವಿತ್ತೋ ಇಲ್ಲವೋ ನಾನರಿಯೆ. ಬಸ್ಸನ್ನು ನಿಲ್ಲಿಸುವ ಮುನ್ನ ಅವನು ಅದನ್ನು ಯೋಚಿಸಿರಲಾರ.

ಮುಂದಿನ ದಿನಗಳಲ್ಲಿ ಕಾರು ತಾನಾಗಿಯೇ ನೆರವು ಕೇಳುವುದು ಸಾಮಾನ್ಯವಾಗಬಹುದು. ಯೂರೋಪಿನ ಒಕ್ಕೂಟದಲ್ಲಿ, ತೀವ್ರ ಅಪಘಾತವಾದಾಗ ಕಾರೇ 112ಕ್ಕೆ ಕರೆಮಾಡಿ ತಾನಿರುವ ಸ್ಥಳವನ್ನು ತಿಳಿಸುವ ಸಾಧನ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಿಗೆಲ್ಲ ಕಡ್ಡಾಯವಾಗಿದೆ. ಯಂತ್ರಕ್ಕೆ ಬಾಯಿ ಬಂದದ್ದು ಸಂತೋಷ. ಅದಕ್ಕೆ ತಕ್ಕಂತೆ ಆಚೆಯ ತುದಿಯಲ್ಲಿ ಕಿವಿಯೂ ಇರಬೇಕು. ಬೆರ್ಥಾ ಬೆನ್ಜ್ ತವರಿನಿಂದ ಹಿಂದಿರುಗಿದ ಮೇಲೆ ಗಂಡನಿಗೆ ಹೇಳಿದ ಮುಖ್ಯ ಮಾತು ಏನು ಗೊತ್ತೇ? ಏರಿನಲ್ಲಿ ಮಕ್ಕಳು ಇಳಿದು ತಳ್ಳಬೇಕಾಯಿತು. ಗುಡ್ಡ ಹತ್ತಲು ಗಾಡಿಗೆ ಇನ್ನೊಂದು ಗೇರು ಬೇಕು ಎಂಬುದು. ಕಾರ್ಲ್ ಬೆನ್ಜ್ ಅದನ್ನು ಕೇಳಿದ, ಗೇರನ್ನು ಸೇರಿಸಿದ. ತಳ್ಳಿ ದಣಿದ ಮಕ್ಕಳ ಸುದ್ದಿ ಅಂದು ತಯಾರಕನ ಮನೆಯನ್ನು ನೇರವಾಗಿ ಮುಟ್ಟಿತ್ತು. ಘಟ್ಟದ ತಿರುವಿನಲ್ಲಿ ಚಳಿಗೆ ನಡುಗುತ್ತಾ ಕುಳಿತ ಅಜ್ಜಿಯ ಸುದ್ದಿ ಇಂದು ಯಾವ ತಯಾರಕನ ಮೇಜನ್ನು, ಎಷ್ಟು ಕರಾರುಗಳನ್ನು ದಾಟಿ, ಯಾವಾಗ ಮುಟ್ಟೀತು? ಮುಂಗಾಜಿನ ಮೇಲೆ ಸಂಖ್ಯೆಯನ್ನು ಅಂಟಿಸಿ ಮಾತು ಕೊಟ್ಟವರನ್ನು, ಕಾರು ಕೊಳ್ಳುವ ಹೊತ್ತಿನಲ್ಲಿಯೇ, ನಾವು ಈ ಪ್ರಶ್ನೆಯನ್ನು ಕೇಳತಕ್ಕದ್ದು.